ಕಾರಣ ಕೇಳಿದ ಬಾಜಿ ಇನ್ಸ್‌ಪೆಕ್ಟರು

ನಮ್ಮ ಪೋರ್ಟ್ ಹ್ಯಾಲೋರನ್ನಿನಲ್ಲಿ ಕುದುರೆಯ ಮೇಲೆ ಬಾಜಿ ಕಟ್ಟದವರು ಮೂವರೇ ಇದ್ದರು. ಒಬ್ಬರು ಮೆಥಡಿಸ್ಟ್ ಚರ್ಚಿನ ಪಾದ್ರಿ, ಇನ್ನೊಬ್ಬ ಲಕ್ವ ಹೊಡೆದು ಮಲಗಿದ್ದ ಹಳೆಯ ಅಂಚೆ ಮಾಸ್ತರ, ಮೂರನೆಯವನು ಲೈಲ್ ಪೆಂಗಿಲಿ. ಪಾದ್ರಿಗಳ ವಿಷಯದಲ್ಲಿ ನನಗೆ ಪೂರ್ತಿ ಭರವಸೆಯಿಲ್ಲ. ಅಂಚೆ ಮಾಸ್ತರ ಹೆಂಡತಿಯ ಕೈಲಿ ಕಟ್ಟಿಸುತ್ತಿದ್ದ ಎಂದು ಆಮೇಲೆ ತಿಳಿಯಿತು. ಹಾಗಾಗಿ ಗಟ್ಟಿಯಾಗಿ ಉಳಿದವನು ಲೈಲ್ ಒಬ್ಬನೇ. ಅವನನ್ನೇ ಸರಕಾರ ಊರಿನ ಆರು ಬಾಜಿ ಅಂಗಡಿಗಳ ಮೇಲೆ ಇನ್ಸ್‌ಪೆಕ್ಟರಾಗಿ ಕೂರಿಸಿತ್ತು.

ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ಕೆಲಸಕ್ಕೆ ಅರ್ಜಿ ಹಾಕಿದವರು ಹನ್ನೊಂದು ಮಂದಿ. ಅವರಲ್ಲಿ ಹತ್ತು ಮಂದಿ, ಕೆಲಸ ಯಾರಿಗೆ ಸಿಗುತ್ತದೆ ಎಂಬುದರ ಮೇಲೆ ತಮ್ಮತಮ್ಮೊಳಗೇ ಬಾಜಿ ಕಟ್ಟಿಕೊಂಡಿದ್ದರು. ಸುದ್ದಿ ಅಡಿಲೇಡಿನಲ್ಲಿ ಬಾಜಿ ಅಂಗಡಿಗಳನ್ನು ನೋಡಿಕೊಳ್ಳುವ ಸರಕಾರಿ ಮಂಡಳಿಗೆ ಮುಟ್ಟಿತು. ಆ ಹತ್ತು ಮಂದಿಯಲ್ಲಿ ನಾನೂ ಒಬ್ಬ. ನಾನು ಕಟ್ಟಿದ್ದು ನನ್ನ ಮೇಲೆಯೇ. ನನ್ನ ಕುದುರೆಗಳ ಆಯ್ಕೆ ಎಂಥದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಲೈಲ್ ಅದುವರೆಗೆ ಹಡಗುಕಟ್ಟೆಯಲ್ಲಿ ಗೋಧಿಯ ಮೂಟೆ ತೂಗಿಸುವ ಗುಮಾಸ್ತನಾಗಿದ್ದ. ಆಗ ಅವನಿಗೆ ಐವತ್ತೊಂದು. ಉದ್ದನೆಯ ಕತ್ತು, ಒಂದು ಕಡೆಗೆ ವಾಲಿದ ತಲೆ. ನಿಂತರೆ ನೆಲದಲ್ಲಿ ಹುಳ ಹುಡುಕುವ ಕೊಕ್ಕರೆಯ ಹಾಗೆ ಕಾಣುತ್ತಿದ್ದ. ಚಿಕ್ಕಂದಿನಿಂದ ಅವನಿಗಿದ್ದ ಚಟ ಒಂದೇ, ಕೇಳುವುದು. ಕ್ಷೌರದವನು ಕತ್ತರಿಯನ್ನು ಸುಮ್ಮನೆ ಗಾಳಿಯಲ್ಲಿ ಎರಡು ಸಲ ಆಡಿಸಿ ಆಮೇಲೆ ಕೂದಲಿಗೆ ಹಾಕುವುದು ಯಾಕೆ? ಇಟಲಿಯ ಬೆಸ್ತರು ದೋಣಿ ಹತ್ತುವಾಗ ಎಡಗಾಲೇ ಮೊದಲು ಇಡುವುದು ಯಾಕೆ? ಕೇಳಿ ಉತ್ತರ ಬಂದರೆ ಸಂತೋಷ, ಬಾರದಿದ್ದರೆ ಇನ್ನೂ ಸಂತೋಷ. ಅವನ ಹೆಂಡತಿ ಈನಿಡ್ ಒಮ್ಮೆ ನನ್ನ ಮುಂದೆ ಹೇಳಿದ್ದಳು: "ಮದ್ವೆ ದಿನ ಪಾದ್ರಿಗಳು 'ಇವಳನ್ನ ಹೆಂಡ್ತಿಯಾಗಿ ಸ್ವೀಕರಿಸ್ತೀಯಾ' ಅಂದ್ರೆ, ಈ ಪ್ರಾಣಿ 'ಉಂಗುರ ಎಡಗೈಗೇ ಯಾಕೆ ಹಾಕ್ತಾರೆ ಸ್ವಾಮಿ' ಅಂತ ಕೇಳ್ತು. ನಾನು ಅಲ್ಲೇ ಎದ್ದು ಹೋಗ್ಬೇಕಿತ್ತು."

ಇಂಥವನ ಕೈಗೆ ಸರಕಾರ ಒಂದು ಟೋಪಿ, ಒಂದು ಅಳತೆಯ ಪಟ್ಟಿ ಮತ್ತು ನಲವತ್ತನಾಲ್ಕು ನಿಯಮಗಳ ಪುಸ್ತಕ ಕೊಟ್ಟಿತು.

ಆ ನಿಯಮಗಳನ್ನು ಮಾಡಿದವರು ಬಾಜಿಯನ್ನು ನಿಲ್ಲಿಸಲಾರದೆ, ಬಾಜಿ ಕಟ್ಟುವವನಿಗೆ ಆದಷ್ಟು ಬೇಜಾರಾಗಲಿ ಎಂದು ಮಾಡಿದ್ದರು ಅನ್ನಿಸುತ್ತದೆ. ಅಂಗಡಿಯಲ್ಲಿ ಕುರ್ಚಿ ಇರಕೂಡದು. ಕೂರಬಹುದಾದ ಕಟ್ಟೆಯೂ ಇರಕೂಡದು. ಕಿಟಕಿಯ ಗಾಜಿಗೆ ಭುಜದ ಎತ್ತರದವರೆಗೆ ಹಸಿರು ಬಣ್ಣ ಬಳಿದಿರಬೇಕು, ದಾರಿಯಲ್ಲಿ ಹೋಗುವ ಹೆಂಗಸರು ಮಕ್ಕಳ ಕಣ್ಣಿಗೆ ಒಳಗಿನ ಪಾಪ ಬೀಳಬಾರದು. ಪಾಪ ಮಾಡುವವರ ತಲೆಗಳು ಮಾತ್ರ ಬಣ್ಣದ ಮೇಲೆ ಸಾಲಾಗಿ ಕಾಣುತ್ತಿದ್ದವು. ಹೆಂಡತಿಯರು ಟೋಪಿ ನೋಡಿಯೇ ಗಂಡನನ್ನು ಗುರುತಿಸುತ್ತಿದ್ದರು. ಗೋಡೆಯ ಮೇಲೆ ಮೂರೇ ಕಾಗದ: ಪರವಾನಗಿ, ನಿಯಮಗಳ ಪಟ್ಟಿ, ಆ ದಿನದ ಕುದುರೆಗಳ ದರ. ನಾಲ್ಕನೆಯದು ಕ್ಯಾಲೆಂಡರೇ ಆಗಿದ್ದರೂ ತಪ್ಪು.

ಲೈಲ್ ಶನಿವಾರ ಶನಿವಾರ ಅಂಗಡಿಯಿಂದ ಅಂಗಡಿಗೆ ಹೋಗಿ ಇದನ್ನೆಲ್ಲ ಅಳೆಯುತ್ತಿದ್ದ. ಹೆಚ್ಚು ಹೊತ್ತು ನಿಲ್ಲುತ್ತಿದ್ದದ್ದು ಜೆಟ್ಟಿ ಬೀದಿಯ ವೀರಾ ಶಿರ್ಮರ್‌ಳ ಅಂಗಡಿಯಲ್ಲಿ. ಊರಿನ ಜನ ಅತಿ ಹೆಚ್ಚು ಸೇರುತ್ತಿದ್ದದ್ದು ಅಲ್ಲೇ. ವೀರಾ, ಅಲ್ಲಿ ಬಾಜಿ ಹಿಡಿಯುವ ಬುಕ್ಕಿಯಾಗಿದ್ದ ಆಟೋ ಶಿರ್ಮರ್‌ನ ವಿಧವೆ. ಅವನು ಹೋದಮೇಲೆ ಪರವಾನಗಿ ತನ್ನ ಹೆಸರಿಗೆ ಬರಲಿ ಎಂದು ನಾಲ್ಕು ಸಲ ಅಡಿಲೇಡಿಗೆ ರೈಲು ಹತ್ತಿದ್ದಳು. ನಾಲ್ಕನೆಯ ಸಲ ಮಂಡಳಿಯ ಬಾಗಿಲಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತುಬಿಟ್ಟಳಂತೆ. "ಕೂರಕ್ಕೆ ಕುರ್ಚಿ ಕೊಟ್ರು, ಬೇಡ ಅಂದೆ. ನನ್ನಂಗಡೀಲಿ ಇಲ್ದಿರೋದು ಇಲ್ಲಿ ಯಾಕೆ ಅಂದೆ. ಆವತ್ತೇ ಸಹಿ ಹಾಕಿದ್ರು" ಎನ್ನುತ್ತಿದ್ದಳು. ಅವಳಿಗೆ ಆ ಪರವಾನಗಿ ಬಿಟ್ಟರೆ ಬೇರೆ ಆಸರೆಯಿರಲಿಲ್ಲ. ಅದನ್ನು ಗಾಜು ಹಾಕಿಸಿ, ಗಂಡನ ಫೋಟೋ ಇರಬೇಕಾದ ಜಾಗದಲ್ಲಿ ತೂಗಿಹಾಕಿದ್ದಳು. ಫೋಟೋ ಹಾಕುವಂತಿರಲಿಲ್ಲ, ನಾಲ್ಕನೆಯ ಕಾಗದವಾಗುತ್ತಿತ್ತು.

ಈಗ ಆ ಪ್ರಶ್ನೆಯ ವಿಷಯ.

ಜುಲೈ ತಿಂಗಳ ಒಂದು ಶನಿವಾರ. ಸೀಸ ಕರಗಿಸುವ ಕಾರ್ಖಾನೆಯ ಚಿಮಣಿಯ ಹೊಗೆ ಆವತ್ತು ಊರಿನ ಮೇಲೆಯೇ ಇಳಿದಿತ್ತು, ಎಲ್ಲರ ನಾಲಿಗೆಯ ಮೇಲೂ ಗಂಧಕದ ರುಚಿ. ಕುಲುಮೆಯಲ್ಲಿ ಕೆಲಸ ಮಾಡುವ ಸ್ನೋ ಟ್ರೆಗೆಂಜಾ ಗಲ್ಲಾದ ಮುಂದೆ ಬಂದು 'ಸಿಲ್ವರ್ ಕೆಟಲ್' ಎಂಬ ಕುದುರೆಯ ಮೇಲೆ ಐದು ಶಿಲ್ಲಿಂಗು ಇಟ್ಟ. ಆ ಕುದುರೆ ಹಿಂದಿನ ಆರು ಓಟಗಳಲ್ಲಿ ಕೊನೆಯದಾಗಿ ಬಂದದ್ದು ಊರಿಗೆಲ್ಲ ಗೊತ್ತು. ಮೂಲೆಯಲ್ಲಿ ನಿಂತು ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದ ಲೈಲ್ ತಲೆಯೆತ್ತಿದ.

"ಸ್ನೋ, ಯಾಕೆ ಆ ಕುದುರೇನೇ?"

ಬೇರೆ ಊರಾಗಿದ್ದರೆ ಸ್ನೋ "ನಿಂಗ್ಯಾಕಯ್ಯ?" ಎಂದು ಹೇಳಿ ಹೋಗುತ್ತಿದ್ದ. ಆದರೆ ನಮ್ಮದು ಕಾರ್ಖಾನೆಯ ಊರು. ಇಲ್ಲಿ ಗಂಡಸರು ಹದಿನಾರನೆಯ ವಯಸ್ಸಿನಿಂದ ತಿಂಗಳಿಗೊಮ್ಮೆ ಸಾಲಿನಲ್ಲಿ ನಿಂತು, ಮೈಯಲ್ಲಿ ಸೀಸ ಎಷ್ಟಿದೆಯೆಂದು ನೋಡಲು ಒಂದು ಸೀಸೆಯಲ್ಲಿ ಉಚ್ಚೆ ಹೊಯ್ದು ಕೊಡಬೇಕು. ಟೋಪಿ ಹಾಕಿದ ಒಬ್ಬ, ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುತ್ತಾನೆ. ಯಾಕೆ ಏನು ಎಂದು ಯಾರೂ ಕೇಳುವುದಿಲ್ಲ. ಟೋಪಿ, ಪುಸ್ತಕ, ಪೆನ್ಸಿಲು ಮೂರೂ ಒಟ್ಟಿಗೆ ಕಂಡರೆ ನಮ್ಮ ಜನ ಕೇಳಿದ್ದನ್ನು ಕೊಟ್ಟುಬಿಡುತ್ತಾರೆ. ಅದು ಅಭ್ಯಾಸ.

ಸ್ನೋ ತನ್ನ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. "ನಮ್ಮತ್ತೆ, ಸ್ವಾಮಿ. ಕಾರ್ನ್‌ವಾಲಿಂದ ಬರುವಾಗ ಒಂದು ಬೆಳ್ಳಿ ಕೆಟಲ್ ತಂದಿದ್ಳು. ಅದು ನನ್ನ ಹೆಂಡ್ತಿಗೆ ಬರ್ಬೇಕಿತ್ತು, ನಾದಿನಿ ಹೊಡ್ಕೊಂಡ್ಳು. ಆ ಕುದುರೆ ಹೆಸರು ಕೇಳ್ದಾಗಿಂದ ಒಂಥರಾ ಆಗ್ತಿದೆ."

"ಕೆಟಲ್ ವಾಪಸ್ ಸಿಗುತ್ತೆ ಅನ್ನೋ ಹಾಗಾ?"

"ಹಾಗಲ್ಲ ಸ್ವಾಮಿ. ಗೆದ್ರೆ ನಾದಿನಿ ಮುಖ ಹೇಗಾಗುತ್ತೆ ನೋಡೋ ಹಾಗೆ."

ಲೈಲ್ ಅದನ್ನು ಬರೆದುಕೊಂಡ. ಯಾಕೆ ಬರೆದುಕೊಂಡೆ ಎಂದು ನಾನು ಆಮೇಲೆ ಕೇಳಿದಾಗ, "ಕೈಲಿ ಪೆನ್ಸಿಲ್ ಇತ್ತು" ಎಂದ. ಇಪ್ಪತ್ತು ವರ್ಷ ಮೂಟೆ ಬರೆದ ಕೈ ಅದು.

ಸ್ನೋನ ಹಿಂದೆ ನಿಂತಿದ್ದವನು ತಾನಾಗಿಯೇ ಟೋಪಿ ತೆಗೆದ. ಕೇಳುವುದಕ್ಕೆ ಮುಂಚೆಯೇ, "ನಂದು ಮೂರನೇ ನಂಬರು ಸ್ವಾಮಿ, ಕಾರಣ ಏನಂದ್ರೆ ನಮ್ಮನೇಲಿ ಮೂರು ಹೆಣ್ಮಕ್ಳು" ಎಂದು ಒಪ್ಪಿಸಿದ. ಅವನ ಹಿಂದಿನವನು ಸ್ವಲ್ಪ ಹೊತ್ತು ಯೋಚಿಸಿ, ಕಾರಣ ಹೊಳೆಯದೆ, ಸಾಲಿನಿಂದ ಹೊರಗೆ ಹೋದ.

ಎರಡು ವಾರದಲ್ಲಿ ಊರಿಗೆಲ್ಲ ಖಚಿತವಾಯಿತು: ಇನ್ನು ಮೇಲೆ ಕಾರಣ ಹೇಳದೆ ಬಾಜಿ ಕಟ್ಟುವಂತಿಲ್ಲ, ಸರಕಾರದ ಹೊಸ ನಿಯಮ. ಇದರಲ್ಲಿ ನನ್ನ ಪಾಲೂ ಇದೆ, ಮುಚ್ಚಿಡುವುದಿಲ್ಲ. ಆಗ ನಾನು ಊರಿನ ವಾರಪತ್ರಿಕೆಯಲ್ಲಿ ಮೀನಿನ ದರದಿಂದ ಹಿಡಿದು ಮದುವೆಯವರೆಗೆ ಎಲ್ಲವನ್ನೂ ಬರೆಯುತ್ತಿದ್ದೆ. ಆ ವಾರ ಏಳನೆಯ ಪುಟದಲ್ಲಿ ಮೂರು ಸಾಲು ಖಾಲಿ ಉಳಿಯಿತು. "ಬಾಜಿ ಕಟ್ಟುವವರು ಕಾರಣವನ್ನು ಸಿದ್ಧವಾಗಿಟ್ಟುಕೊಂಡು ಬರುವುದು ಒಳ್ಳೆಯದೆಂದು ತಿಳಿದುಬಂದಿದೆ" ಎಂದು ತುಂಬಿಸಿದೆ. ಯಾರಿಂದ ತಿಳಿದುಬಂತು ಎಂದು ನನ್ನನ್ನು ಯಾರೂ ಕೇಳಲಿಲ್ಲ. ಪತ್ರಿಕೆಯ ಸುಖವೇ ಅದು.

ಆಮೇಲೆ ಶುಕ್ರವಾರ ಸಂಜೆ ನಮ್ಮ ಕಚೇರಿಯ ಬಾಗಿಲಿಗೆ ಜನ ಬರತೊಡಗಿದರು.

"ಗುರುವೇ, ಒಂದು ಕಾರಣ ಬರ್ಕೊಡಿ."

"ಯಾವ ಕುದುರೆಗೆ?"

"ಅದು ನಾಳೆ ನೋಡ್ಕೋತೀನಿ. ಯಾವ್ದಕ್ಕಾದ್ರೂ ಆಗೋ ಅಂಥದ್ದು ಒಂದು ಕೊಡಿ, ಗಟ್ಟಿದು."

ನಾನು ಬರೆದುಕೊಟ್ಟೆ. ನನ್ನ ಬರವಣಿಗೆಯನ್ನು ಜನ ಬಾಗಿಲಿಗೆ ಬಂದು ಕೇಳಿ ಪಡೆದದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ. ಆದರೆ ಲೈಲ್‌ಗೆ ಅವು ಹಿಡಿಸಲಿಲ್ಲ. ನನ್ನದೊಂದನ್ನು ಓದಿಸಿಕೊಂಡು, "ಇದು ನಿಂದಲ್ಲ ಕಣಪ್ಪ. ನಿಂದೇ ಹೇಳು, ಚಿಕ್ಕದಾದ್ರೂ ಪರವಾಗಿಲ್ಲ" ಎಂದನಂತೆ. ನನಗೆ ಬೇಸರವಾಯಿತು. ವಿಮರ್ಶಕರು ಊರೂರಿಗೆ ಇರುತ್ತಾರೆ.

ಜನರು ತಮ್ಮದನ್ನೇ ಹೇಳತೊಡಗಿದರು. ಕೊರ್ರಾಡೋ ಮೆಜ್ಜಿನಾ ಎಂಬ ಬೆಸ್ತ ಒಬ್ಬನಿದ್ದ, ಮಾತೇ ಆಡದವನು. ಮೀನು ಮಾರುವಾಗಲೂ ಬೆರಳಲ್ಲೇ ದರ ಹೇಳುತ್ತಿದ್ದ. ಅವನು ಒಂದು ಶನಿವಾರ ಎರಡು ಶಿಲ್ಲಿಂಗು ಇಟ್ಟು, ಲೈಲ್ ಕಡೆ ತಿರುಗಿ ಹೇಳಿದ: "ಸವಾರನ ಅಂಗಿ. ಹಳದಿ, ತೋಳು ಹಸಿರು. ನಮ್ಮಣ್ಣನ ದೋಣಿ ಅದೇ ಬಣ್ಣ. ಇಟಲೀಲಿ, ಊರಲ್ಲಿ. ಸಮುದ್ರಕ್ಕೆ ಹೋಯ್ತು, ಬರ್ಲಿಲ್ಲ." ವೀರಾ ಚೀಟಿ ಹರಿಯುವುದನ್ನು ಮರೆತು ನಿಂತಳು. ಹತ್ತು ವರ್ಷದಿಂದ ಅವನಿಂದ ಶುಕ್ರವಾರದ ಮೀನು ಕೊಳ್ಳುತ್ತಿದ್ದವಳಿಗೆ ಅವನಿಗೊಬ್ಬ ಅಣ್ಣನಿದ್ದ ಎಂಬುದು ಆವತ್ತೇ ಗೊತ್ತಾದದ್ದು.

ಆದರೆ ವ್ಯಾಪಾರ ವ್ಯಾಪಾರವೇ. ಕಾರಣ ಹೇಳುವ ಸಾಲು ಬೆಳೆದು, ಓಟ ಶುರುವಾಗುವ ಹೊತ್ತಿಗೆ ಅರ್ಧ ಜನ ಇನ್ನೂ ಬೀದಿಯಲ್ಲೇ ಇರುತ್ತಿದ್ದರು. ವೀರಾಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಒಂದು ರಟ್ಟು ತೆಗೆದು, ದಪ್ಪ ಅಕ್ಷರದಲ್ಲಿ ಬರೆದು, ಪರವಾನಗಿಯ ಪಕ್ಕದಲ್ಲೇ ಮೊಳೆ ಹೊಡೆದಳು:

"ನಿಯಮದ ಪ್ರಕಾರ ಕಾರಣ ಹೇಳತಕ್ಕದ್ದು. ಚುಟುಕಾಗಿ ಹೇಳಿ. ಅತ್ತೆಯ ವಿಷಯ ಬೇಡ."

ಗೋಡೆಯ ಮೇಲೆ ನಾಲ್ಕನೆಯ ಕಾಗದ ಬಂತು.

ಲೈಲ್ ಅದನ್ನು ಆ ಶನಿವಾರವೇ ನೋಡಿದ. ನೋಡಿದವನು ತೆಗೆಸಬೇಕಿತ್ತು. ಅದು ಅವನ ಕೆಲಸ. ಕಾರಣ ಕೇಳುತ್ತಿರುವುದು ನಿಯಮವಲ್ಲ, ತನ್ನದೇ ಚಪಲ ಎಂದು ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳಿದ ಕ್ಷಣದಿಂದ ಯಾರೂ ಅವನಿಗೆ ಉತ್ತರ ಕೊಡುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. "ಸೋಮವಾರ ಹೇಳಿದ್ರಾಯ್ತು" ಎಂದುಕೊಂಡ. ಸೋಮವಾರ, ಮುಂದಿನ ಶನಿವಾರ ಆಗಲಿ ಎಂದುಕೊಂಡ. ಅಷ್ಟರಲ್ಲಿ ಮೂರನೆಯ ನೋಟುಬುಕ್ಕು ಮುಗಿಯುತ್ತ ಬಂದಿತ್ತು.

ಮುಂದಿನ ಶನಿವಾರ ಅಡಿಲೇಡಿನಿಂದ ಮಂಡಳಿಯ ಹ್ಯಾಲಿಡೇ ಸಾಹೇಬರು ಯಾರಿಗೂ ತಿಳಿಸದೆ ರೈಲಿನಲ್ಲಿ ಬಂದಿಳಿದರು. ವರ್ಷಕ್ಕೊಮ್ಮೆ ಬರುವ ತಪಾಸಣೆ. ಕನ್ನಡಕದ ಮೇಲಿನಿಂದ ನೋಡುವ ಸಣ್ಣ ಮನುಷ್ಯ. ವೀರಾಳ ಅಂಗಡಿಗೆ ಹೊಕ್ಕು, ಗೋಡೆಯ ಕಾಗದಗಳನ್ನು ಬೆರಳು ಮಾಡಿ ಎಣಿಸಿದರು. ನಾಲ್ಕಕ್ಕೆ ಬಂದಾಗ ಬೆರಳು ಗಾಳಿಯಲ್ಲೇ ನಿಂತಿತು.

"ಅಮ್ಮಾ, ಇದು ಯಾವ ನಿಯಮ?"

"ನಿಮ್ದೇ ಅಲ್ವೇನ್ರೀ? ನಮ್ಮನ್ನ ಕೇಳ್ತೀರಲ್ಲ!"

ಆ ಉತ್ತರ ಅವಳಿಗೆ ಕೇಡಾಯಿತು. ಹೆಚ್ಚಿಗೆ ಕಾಗದ ಹಾಕಿದ್ದಕ್ಕೆ ದಂಡ ಕಟ್ಟಿದರೆ ಮುಗಿಯುತ್ತಿತ್ತು. ಸರಕಾರದ ಹೆಸರಿನಲ್ಲಿ ಇಲ್ಲದ ನಿಯಮ ತೂಗಿಹಾಕಿದರೆ ಪರವಾನಗಿಯೇ ರದ್ದು, ಹನ್ನೆರಡನೆಯ ನಿಯಮ. ಹ್ಯಾಲಿಡೇ ಆ ರಟ್ಟನ್ನೂ, ಗಾಜು ಹಾಕಿಸಿದ ಪರವಾನಗಿಯನ್ನೂ ಎರಡನ್ನೂ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡರು. ಹತ್ತು ದಿನದ ಮೇಲೆ ಊರಿನ ಸಭಾಭವನದಲ್ಲಿ ವಿಚಾರಣೆ ಎಂದರು. ಅಲ್ಲಿಯವರೆಗೆ ಅಂಗಡಿ ಮುಚ್ಚಿರಬೇಕು.

ಈಗ ವೀರಾಳ ಗತಿ ಲೈಲ್‌ನ ಬಾಯಲ್ಲಿತ್ತು. ಇನ್ಸ್‌ಪೆಕ್ಟರೇ ಕೇಳುತ್ತಿದ್ದ, ಅದಕ್ಕೇ ಹಾಕಿದೆ ಎಂದು ಅವಳು ಹೇಳಿದರೆ ನಂಬುವವರು ಯಾರು? ಸಿಕ್ಕಿಬಿದ್ದ ಬುಕ್ಕಿ ಇನ್ಸ್‌ಪೆಕ್ಟರನ ಮೇಲೆ ಹಾಕುವುದು ಹೊಸದೇನಲ್ಲ. ಊರಿನವರ ಸಾಕ್ಷಿ ಇತ್ತು, ಆದರೆ ಊರಿನವರೆಲ್ಲ ಬಾಜಿ ಕಟ್ಟುವವರು. ಅವರ ಮಾತಿಗೆ ಮಂಡಳಿ ಎಷ್ಟು ಬೆಲೆ ಕೊಡುತ್ತದೆ? ಗಟ್ಟಿ ಸಾಕ್ಷಿ ಎಂದರೆ ಲೈಲ್‌ನ ಮೂರು ನೋಟುಬುಕ್ಕು. ಅವನ್ನು ತಂದು ಮೇಜಿನ ಮೇಲಿಟ್ಟರೆ ವೀರಾ ಉಳಿದಾಳು, ಅವನ ಕೆಲಸ ಹೋಗುತ್ತದೆ. ಇಡದಿದ್ದರೆ ಅವಳ ಅಂಗಡಿ ಹೋಗುತ್ತದೆ.

ವಿಚಾರಣೆಗೆ ಎರಡು ದಿನ ಮುಂಚೆ, ಭಾನುವಾರ ಪ್ರಾರ್ಥನೆ ಮುಗಿಸಿಕೊಂಡು ಲೈಲ್ ನಮ್ಮ ಮನೆಗೆ ಬಂದ. ನಾನು ಮಾಂಸ ತುಂಬಿದ ಪಾಸ್ಟಿ ಕಡುಬು ತಿನ್ನುತ್ತಿದ್ದೆ. ಅವನಿಗೂ ಒಂದು ಕೊಟ್ಟೆ. ತಿನ್ನಲಿಲ್ಲ. ನೋಟುಬುಕ್ಕುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

"ನೀನೇ ಹೇಳು. ಏನ್ ಮಾಡ್ಲಿ?"

"ಒಲೆ ಉರೀತಿದೆ" ಎಂದೆ ನಾನು. ನೋಟುಬುಕ್ಕುಗಳಲ್ಲಿ ನಾನು ಬರೆದುಕೊಟ್ಟ ಚೀಟಿಗಳನ್ನು ಅವನು ಅಂಟಿಸಿಟ್ಟಿದ್ದ, ನನ್ನ ಕೈಬರಹದಲ್ಲಿ. ಏಳನೆಯ ಪುಟದ ಮೂರು ಸಾಲು ಬೇರೆ. ಸಲಹೆ ಕೊಡುವಾಗ ಮನುಷ್ಯ ಇಂಥದ್ದನ್ನೆಲ್ಲ ಮರೆಯುವುದಿಲ್ಲ.

"ಸುಡೋದಾ?"

"ನಾನು ಹಾಗಂದ್ನಾ? ಒಲೆ ಉರೀತಿದೆ ಅಂದೆ ಅಷ್ಟೆ."

ಅವನು ಒಲೆಯನ್ನು ನೋಡಿದ. ಆಮೇಲೆ ಮೊದಲನೆಯ ನೋಟುಬುಕ್ಕು ಬಿಚ್ಚಿ, ನನಗೆ ಕೇಳಿಸುವ ಹಾಗೆ ಓದತೊಡಗಿದ. ಬೇಕರಿಯವನು ಒಂದು ಹೆಣ್ಣುಕುದುರೆಯ ಮೇಲೆ ಕಟ್ಟಿದ್ದು ಅದು ಓಟದ ಮುಂಚೆ ತಲೆ ಅಲ್ಲಾಡಿಸಿದ್ದಕ್ಕೆ. ಒಬ್ಬ ಮುದುಕಿ ಕಟ್ಟಿದ್ದು, ಯಾರೂ ಅದರ ಮೇಲೆ ಕಟ್ಟಿಲ್ಲ ಪಾಪ ಎಂದು. ರೈಲ್ವೆಯವನೊಬ್ಬ ಹನ್ನೊಂದು ವರ್ಷದಿಂದ ಏಳನೆಯ ನಂಬರಿಗೇ ಕಟ್ಟುತ್ತಾನೆ, ಯಾಕೆಂದರೆ ಹನ್ನೊಂದು ವರ್ಷದಿಂದ ಅದಕ್ಕೇ ಕಟ್ಟುತ್ತಿದ್ದಾನೆ.

"ಸಾವಿರದ ಇನ್ನೂರು ಚಿಲ್ಲರೆ ಇವೆ" ಎಂದ. "ಒಂದು ಸೋಜಿಗ ನೋಡು. 'ಇದು ಗೆಲ್ಲುತ್ತೆ, ಅದಕ್ಕೇ ಕಟ್ದೆ' ಅಂತ ಹೇಳ್ದೋರು ನಾಲ್ಕೇ ಜನ. ಯಾಕಿರ್ಬೋದು?"

"ಲೈಲ್, ಕೆಲ್ಸ ಹೋಗೋ ಹೊತ್ತಲ್ಲಿ ಇದೇನಯ್ಯ ನಿಂದು!"

"ಹೌದಲ್ವಾ" ಎಂದು ಪುಸ್ತಕ ಮುಚ್ಚಿದ. ಪಾಸ್ಟಿಯನ್ನು ಕಿಸೆಗೆ ಹಾಕಿಕೊಂಡು ಹೊರಟ. ಏನು ಮಾಡುತ್ತಾನೆಂದು ಹೇಳಲಿಲ್ಲ. ನನಗೂ ಕೇಳುವ ಧೈರ್ಯವಾಗಲಿಲ್ಲ.

ಮಂಗಳವಾರ ಸಭಾಭವನ ತುಂಬಿತ್ತು. ಕುಲುಮೆಯ ರಾತ್ರಿ ಪಾಳಿಯವರು ಮೈಗೆ ಮೆತ್ತಿದ ಬೂದಿಯ ಸಮೇತ ಬಂದಿದ್ದರು. ವೀರಾ ಗಂಡನ ಸಾವಿಗೆ ಹೊಲಿಸಿದ್ದ ಕಪ್ಪು ಉಡುಪು ಹಾಕಿಕೊಂಡು ಮುಂದಿನ ಸಾಲಿನಲ್ಲಿ ನಿಂತಿದ್ದಳು. ಕೂರಿ ಎಂದರೆ ಕೂರಲಿಲ್ಲ.

ಹ್ಯಾಲಿಡೇ ರಟ್ಟನ್ನು ಎತ್ತಿ ತೋರಿಸಿದರು. "ಇದು ನಿಮ್ಮ ಕೈಬರಹವೇ?"

"ನಂದೇ."

"ಇಂಥ ನಿಯಮ ಇದೆ ಅಂತ ನಿಮಗೆ ಹೇಳಿದವರು ಯಾರು?"

ವೀರಾ ಬಾಯಿ ತೆರೆದಳು. ಲೈಲ್ ನಿಂತಿದ್ದ ಗೋಡೆಯ ಕಡೆ ನೋಡಿದಳು. ಕೈಲಿ ಟೋಪಿ ಹಿಡಿದುಕೊಂಡು ಅವನು ಕತ್ತು ಬಗ್ಗಿಸಿದ್ದ. ಅವಳು ಬಾಯಿ ಮುಚ್ಚಿದಳು. ಆಮೇಲೆ, "ಊರಿಗೆಲ್ಲ ಗೊತ್ತಿತ್ತು. ಪೇಪರಲ್ಲೂ ಬಂದಿತ್ತು" ಎಂದಷ್ಟೇ ಹೇಳಿದಳು.

ಇಡೀ ಸಭಾಭವನ ನನ್ನ ಕಡೆ ತಿರುಗಿತು. ಆ ಕ್ಷಣದಲ್ಲಿ ನನ್ನ ಬೂಟಿನ ದಾರ ಬಿಚ್ಚಿಕೊಂಡಿರುವುದು ನನ್ನ ಗಮನಕ್ಕೆ ಬಂತು. ಬಗ್ಗಿ ಕಟ್ಟಿಕೊಳ್ಳತೊಡಗಿದೆ. ಕೆಳಗೇ ಇದ್ದಾಗ ಲೈಲ್‌ನ ಹೆಜ್ಜೆಯ ಸದ್ದು ಕೇಳಿಸಿತು, ನನ್ನ ಪಕ್ಕದಲ್ಲೇ ದಾಟಿ ಮುಂದೆ ಹೋಯಿತು. ತಲೆಯೆತ್ತುವ ಹೊತ್ತಿಗೆ ಮೂರು ನೋಟುಬುಕ್ಕುಗಳು ಮೇಜಿನ ಮೇಲಿದ್ದವು.

"ಆಯಮ್ಮ ತಪ್ಪು ಮಾಡಿಲ್ಲ ಸ್ವಾಮಿ. ನಾನು ಕೇಳ್ತಿದ್ದೆ. ಟೋಪಿ ಹಾಕ್ಕೊಂಡು ಕೇಳ್ದೆ, ಅದಕ್ಕೆ ನಿಯಮ ಅಂದ್ಕೊಂಡ್ರು. ಆ ರಟ್ಟು ನಾನು ಮೊದಲ ದಿನಾನೇ ನೋಡ್ದೆ. ತೆಗೀರಿ ಅನ್ಲಿಲ್ಲ."

"ಯಾಕೆ ಅನ್ನಲಿಲ್ಲ?"

"ತೆಗೆಸಿದ್ರೆ ಜನ ಹೇಳೋದು ನಿಲ್ಲಿಸ್ತಾರೆ ಅಂತ."

ಹ್ಯಾಲಿಡೇ ಒಂದು ನೋಟುಬುಕ್ಕು ಬಿಚ್ಚಿದರು. ಒಂದು ಪುಟ ಓದಿದರು. ಇನ್ನೊಂದು. ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡು ಮತ್ತೊಂದು. ಸಭಾಭವನದಲ್ಲಿ ಯಾರೋ ಕೆಮ್ಮಿದರು. ಹ್ಯಾಲಿಡೇ ಆ ಪುಟದಲ್ಲಿ ಬೆರಳಿಟ್ಟುಕೊಂಡು ಐದಾರು ಪುಟ ಮುಂದೆ ಹೋದರು.

"ಇದನ್ನು ಯಾವ ಇಲಾಖೆಗಾಗಿ ಬರೆದಿರಿ?"

"ಯಾವ ಇಲಾಖೆಗೂ ಅಲ್ಲ ಸ್ವಾಮಿ. ತಿಳ್ಕೋಬೇಕು ಅನ್ನಿಸ್ತು."

"ಸರಕಾರದ ಸಮಯದಲ್ಲಿ?"

"ಹೌದು ಸ್ವಾಮಿ."

ಹಿಂದಿನ ಸಾಲಿನಿಂದ ಸ್ನೋ ಟ್ರೆಗೆಂಜಾ ಎದ್ದ. "ಸಾಹೇಬ್ರೇ, ನಂದು ಮೊದಲ್ನೇದು. ಕೆಟಲ್ ವಿಷ್ಯ. ನಾನು ಖುಷಿಯಿಂದ್ಲೇ ಹೇಳಿದ್ದು. ಬಲವಂತ ಏನಿರ್ಲಿಲ್ಲ. ಉಚ್ಚೆ ಕೊಡೋದಕ್ಕಿಂತ ಇದೇ ವಾಸಿ."

ಸಭೆ ನಕ್ಕಿತು. ಹ್ಯಾಲಿಡೇ ನಗಲಿಲ್ಲ. ಊಟದ ಹೊತ್ತಿನವರೆಗೆ ಒಂದು ಪಕ್ಕದ ಕೋಣೆಯಲ್ಲಿ ಕೂತು ಓದಿದರು. ಆಮೇಲೆ ಹೊರಗೆ ಬಂದು ಮೂರು ಮಾತು ಹೇಳಿದರು. ಶ್ರೀಮತಿ ಶಿರ್ಮರ್ ಸದ್ಭಾವನೆಯಿಂದ ತಪ್ಪು ತಿಳಿದಿದ್ದಾರೆ, ಎಚ್ಚರಿಕೆ ಕೊಟ್ಟು ಪರವಾನಗಿ ಹಿಂದಿರುಗಿಸಲಾಗಿದೆ. ಶ್ರೀ ಪೆಂಗಿಲಿಯವರು ಇಂದಿನಿಂದ ಇನ್ಸ್‌ಪೆಕ್ಟರಲ್ಲ. ನೋಟುಬುಕ್ಕುಗಳು ಮಂಡಳಿಯ ಸ್ವತ್ತು, ಅಡಿಲೇಡಿಗೆ ಹೋಗುತ್ತವೆ.

ಕೆಲಸ ಹೋದದ್ದಕ್ಕಿಂತ ನೋಟುಬುಕ್ಕು ಹೋದದ್ದಕ್ಕೇ ಲೈಲ್‌ನ ಮುಖ ಬಾಡಿತು. ಅದು ಎಲ್ಲರಿಗೂ ಕಂಡಿತು.

ಹೊರಗೆ ಮೆಟ್ಟಿಲ ಮೇಲೆ ವೀರಾ ಪರವಾನಗಿಯನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ಅವನನ್ನು ತಡೆದಳು. ಕೃತಜ್ಞತೆ ಹೇಳುತ್ತಾಳೆಂದು ನಾವೆಲ್ಲ ಸುತ್ತ ನಿಂತೆವು.

"ಹತ್ತು ದಿನ ಅಂಗಡಿ ಮುಚ್ಚಿಸ್ದೆ ನೀನು. ಹತ್ತು ದಿನ! ಮೊದಲ್ನೇ ದಿನಾನೇ ಹೇಳಕ್ಕೆ ನಿಂಗೇನು ಧಾಡಿಯಾಗಿತ್ತು? ಕೊಕ್ಕರೆ ಮುಂಡೇದು!"

"ತಪ್ಪಾಯ್ತು ವೀರಾ."

"ತಪ್ಪಾಗ್ದೇ ಏನು." ಅವಳು ಎರಡು ಮೆಟ್ಟಿಲು ಇಳಿದು ನಿಂತಳು. ಹಿಂದಿರುಗಿ ನೋಡದೆ, "ನನ್ನನ್ನ ಒಂದಿನಾನೂ ಕೇಳ್ಲಿಲ್ವಲ್ಲ, ಈ ಅಂಗಡಿ ಯಾಕೆ ನಡೆಸ್ತೀಯಾ ಅಂತ" ಎಂದಳು.

ಲೈಲ್‌ನ ಕೈ ಕಿಸೆಗೆ ಹೋಯಿತು, ಪೆನ್ಸಿಲಿಗೆ. ಅಷ್ಟರಲ್ಲಿ ಅವಳು ಬೀದಿಯ ತಿರುವು ದಾಟಿಯಾಗಿತ್ತು.

ಹಳೆಯ ಕೆಲಸವೇ ಅವನಿಗೆ ಸಿಕ್ಕಿತು, ಹಡಗುಕಟ್ಟೆ, ಗೋಧಿಯ ಮೂಟೆ, ಸಂಬಳ ಕಡಿಮೆ. ಅವನ ಜಾಗಕ್ಕೆ ಅಡಿಲೇಡಿನಿಂದ ಒಬ್ಬ ಚುರುಕಾದ ಮನುಷ್ಯ ಬಂದ. ನಾಲ್ಕು ನಿಮಿಷದಲ್ಲಿ ಅಂಗಡಿ ಅಳೆದು ಹೋಗುತ್ತಾನೆ, ಯಾರ ಮುಖವನ್ನೂ ನೋಡುವುದಿಲ್ಲ. ಮೊದಲ ಎರಡು ಶನಿವಾರ ಕೆಲವರು ಟೋಪಿ ತೆಗೆದು ಅವನ ಮುಂದೆ ನಿಂತದ್ದುಂಟು. "ಸಾಲು ಬಿಡಿ" ಎಂದ. ಸ್ನೋಗೆ ಅದು ಅವಮಾನವೇ ಆಯಿತು.

ಆರು ವಾರ ಕಳೆದ ಮೇಲೆ ಲೈಲ್‌ಗೆ ಒಂದು ಪತ್ರ ಬಂತು. ಮಂಡಳಿಯ ಕಾಗದವಲ್ಲ, ಖಾಸಗಿ ಕಾಗದ. ಬರೆದವರು ಹ್ಯಾಲಿಡೇ. ಕಡತದ ಕೆಲಸ ಮುಗಿದಿದೆ, ಅಧಿಕೃತವಾಗಿ ಕೇಳುತ್ತಿಲ್ಲ, ಉತ್ತರಿಸಲೇಬೇಕೆಂದಿಲ್ಲ ಎಂದು ಅರ್ಧ ಪುಟ ಪೀಠಿಕೆ. ಕೊನೆಗೆ: "ಎರಡನೆಯ ಪುಸ್ತಕದಲ್ಲಿ ಮೆಜ್ಜಿನಾ ಎಂಬವರು ಹಳದಿ ಅಂಗಿಯ ಸವಾರನ ಕುದುರೆಗೆ ಕಟ್ಟಿದ್ದಾರೆ. ಅದು ಗೆದ್ದಿತೆ? ನೀವು ಎಲ್ಲಿಯೂ ಬರೆದಿಲ್ಲ."

ಲೈಲ್ ಪತ್ರ ಹಿಡಿದುಕೊಂಡು ನನ್ನ ಕಚೇರಿಗೆ ಬಂದ. ಅವನ ಮುಖದಲ್ಲಿ ಬೆರಗು.

"ನಿಜ ಕಣೋ. ಸಾವಿರದ ಇನ್ನೂರು ಬರೆದೆ, ಒಂದರ ಮುಂದೂ ಗೆದ್ದಿತೋ ಸೋತಿತೋ ಅಂತ ಬರೀಲಿಲ್ಲ. ಬರೀಬೇಕು ಅಂತ ಹೊಳೀಲೇ ಇಲ್ಲ ನಂಗೆ."

ಹಳೆಯ ಸಂಚಿಕೆಗಳಲ್ಲಿ ಫಲಿತಾಂಶ ಹುಡುಕಿ ಕೊಡು ಎಂದ. ಆ ವಾರದ ಫಲಿತಾಂಶಕ್ಕೆ ಜಾಗ ಸಾಲದೆ ನಾನು ಬಿಟ್ಟಿದ್ದೆ. ಬದಲಿಗೆ ಒಂದು ಮದುವೆ ಹಾಕಿದ್ದೆ. ಹಾಗಾದರೆ ಕೊರ್ರಾಡೋನನ್ನೇ ಕೇಳೋಣ ಎಂದು ಇಬ್ಬರೂ ಮೀನಿನ ಕಟ್ಟೆಗೆ ಹೋದೆವು. ಬಿಸಿಲು ಚೆನ್ನಾಗಿತ್ತು. ಕೊರ್ರಾಡೋ ಬಲೆಯನ್ನು ತೊಡೆಯ ಮೇಲೆ ಹರಡಿಕೊಂಡು ಹೊಲಿಯುತ್ತಿದ್ದ.

"ಕೊರ್ರಾಡೋ, ಆವತ್ತು ಕಟ್ಟಿದ್ಯಲ್ಲ, ಹಳದಿ ಅಂಗಿ. ಅದು ಎಷ್ಟನೇದಾಗಿ ಬಂತು?"

ಕೊರ್ರಾಡೋ ಸೂಜಿ ನಿಲ್ಲಿಸಿದ. "ಯಾವ್ದು?"

"ಕುದುರೆ. ಹಳದಿ, ತೋಳು ಹಸಿರು."

"ಹಾಂ. ತೋಳು ಹಸಿರು." ಅವನು ಸಮುದ್ರದ ಕಡೆ ನೋಡಿದ. "ಬಣ್ಣ ಜ್ಞಾಪಕ ಇದೆ. ಕುದುರೆ..." ತಲೆ ಅಲ್ಲಾಡಿಸಿದ. "ಗೊತ್ತಿಲ್ಲ. ಬಂತೋ ಇಲ್ವೋ. ದೋಣಿಗೆ ಬಣ್ಣ ಬಳಿದದ್ದು ನಾನೇ. ಅಣ್ಣ ಅಲ್ಲ."

ಲೈಲ್ ಪತ್ರದ ಹಿಂಬದಿಯಲ್ಲಿ ಬರೆಯಲು ಪೆನ್ಸಿಲು ಎತ್ತಿದವನು ಹಾಗೇ ಕೈ ತಡೆದ. ಕತ್ತು ನಿಧಾನವಾಗಿ ಒಂದು ಕಡೆಗೆ ವಾಲಿತು.

"ಯಾಕೆ ಹಳದಿ?"

ಕೊರ್ರಾಡೋ ಬಲೆಯನ್ನು ಪಕ್ಕಕ್ಕೆ ಸರಿಸಿದ. ಹೇಳತೊಡಗಿದ. ಅಷ್ಟೊಂದು ಮಾತನ್ನು ಅವನ ಬಾಯಿಂದ ಕಟ್ಟೆಯ ಮೇಲಿದ್ದ ಯಾರೂ ಕೇಳಿರಲಿಲ್ಲ. ಪಕ್ಕದ ದೋಣಿಯವರು ಕೆಲಸ ಬಿಟ್ಟು ಇತ್ತ ತಿರುಗಿದರು. ನನಗೆ ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಾಗಿತ್ತು, ಅರ್ಧದಲ್ಲೇ ಎದ್ದು ಬಂದೆ. ಹ್ಯಾಲಿಡೇಗೆ ಲೈಲ್ ಬರೆದ ಉತ್ತರ ಏಳು ಪುಟವಾಯಿತಂತೆ, ಭಾರ ಹೆಚ್ಚಾಗಿ ಎರಡು ಸ್ಟಾಂಪು ಕೂಡಿಸಿ ಹಚ್ಚಬೇಕಾಯಿತಂತೆ. ಕುದುರೆಯ ವಿಷಯ ಏನು ಬರೆದೆ ಎಂದು ಕೇಳಿದೆ. ಅದಕ್ಕೆ ಜಾಗವಾಗಲಿಲ್ಲ ಎಂದ.